ಬಕ್ಲರ್ ಮಾಡೋಕೆ ಹೋಗಿ ಗೆಣ್ಣು ಜಜ್ಜಿಸ್ಕೊಂಡಿದ್ದು

ಬಕ್ಲರ್ ಅಂದ್ರೆ ಕತ್ತಿ ಜೊತೆ ಇನ್ನೊಂದು ಕೈಲಿ ಹಿಡಿಯೋ ಪುಟ್ಟ ದುಂಡು ಗುರಾಣಿ. ಇಂಗ್ಲೆಂಡಿನ ಲೀಡ್ಸ್‌ಗೆ ಬಂದ್ಮೇಲೆ ಹಳೇ ಯುರೋಪಿನ ಕತ್ತಿವರಸೆ ಕಲಿಯೋಕೆ ಸೇರ್ಕೊಂಡೆ, ಆರು ತಿಂಗಳು ಎರವಲು ಬಕ್ಲರಲ್ಲೇ ತಳ್ಳಿದೆ, ಆಮೇಲೆ ಇದೇನ್ ಮಹಾ, ಮರದ ತಟ್ಟೆಗೆ ಒಂದು ಹಿಡಿ ಹಾಕಿದ್ರೆ ಆಯ್ತಲ್ಲ ಅಂತ ನಾನೇ ಮಾಡೋಕೆ ಕೂತೆ.

12 ಎಂಎಂ ಬರ್ಚ್ ಪ್ಲೈವುಡ್ ತಂದು 35 ಸೆಂ.ಮೀ. ಅಗಲಕ್ಕೆ ಕೊಯ್ದೆ, ನಡುವೆ ಮುಷ್ಟಿಗೆ ತೂತು. ಆ ತೂತಿನ ಮೇಲೆ ಉಬ್ಬಿದ ಕಬ್ಬಿಣದ ಟೋಪಿ ಥರ ಒಂದು ಬರ್ಬೇಕು, ಬಾಸ್ ಅಂತಾರೆ (ಆಫೀಸಿನ ಬಾಸ್ ಅಲ್ಲ). ನಾನು ಜಾಣ, ಅಡುಗೆಮನೆ ಸ್ಟೀಲ್ ಬಟ್ಟಲು ಬೋರಲು ಹಾಕಿ ಬೋಲ್ಟ್ ಹೊಡೆದೆ. ಮೊದಲ್ನೇ ದಿನವೇ ಒಂದು ಏಟಿಗೆ ಬಟ್ಟಲು ಒಳಗೆ ನುಗ್ಗಿ ಗೆಣ್ಣಿಗೆ ಬಡೀತು. ಅದಕ್ಕಿಂತ ದೊಡ್ಡ ಪೆದ್ದುತನ ಅಂದ್ರೆ ತೂತಿನ ಅಳತೆ ತಗೊಂಡಿದ್ದು ಬರಿಗೈಲಿ, ದಪ್ಪ ಗ್ಲೌಸ್ ಹಾಕಿದ್ರೆ ಕೈ ಒಳಗೆ ಹೋಗೋದೇ ಇಲ್ಲ. ಹಿಡಿಗೆ ಪೊರಕೆ ಕೋಲು ಹಾಕಿದ್ದೆ, ಅದು ದುಂಡಗಿದ್ದಿದ್ರಿಂದ ಅಂಚಿಗೆ ಏಟು ಬಿದ್ದಾಗೆಲ್ಲ ಗುರಾಣಿ ಕೈಯೊಳಗೇ ತಿರುಗೋದು.

ಎರಡನೇದು 30 ಸೆಂ.ಮೀ. ಮಾಡ್ದೆ. 2 ಎಂಎಂ ಉಕ್ಕಿನ ಬಾಸ್ ರೆಡಿಮೇಡ್ ತಗೊಂಡೆ, ಹಿಡಿನ ಎರಡೂ ಕಡೆ ಉಜ್ಜಿ ಮೊಟ್ಟೆ ಆಕಾರಕ್ಕೆ ತಂದೆ, ಬೋಲ್ಟ್ ತುದಿಗಳನ್ನ ಕತ್ತರಿಸಿ ಅರ ಹಾಕಿ ನುಣ್ಣಗೆ ಮಾಡಿದೆ. ಅಂಚಿಗೆ ನಾಯಿ ಕಚ್ಚೋಕೆ ಮಾರ್ತಾರಲ್ಲ ಒಣ ಚರ್ಮದ ಮೂಳೆ, ಅದನ್ನ ರಾತ್ರಿಯಿಡೀ ನೀರಲ್ಲಿ ನೆನೆಸಿ ಬಿಚ್ಚಿ ಸುತ್ತ ಹೊಲಿದೆ, ಒಣಗಿದ್ಮೇಲೆ ಬಿಗಿಯಾಗಿ ಕಚ್ಕೊಂಡು ಕೂರುತ್ತೆ. ಮನೆ ತುಂಬ ಎರಡು ದಿನ ವಾಸನೆ, ಹೆಂಡ್ತಿ ಹತ್ರ ಬೈಸ್ಕೊಂಡಿದ್ದು ಬೇರೆ ಲೆಕ್ಕ.

ಚಿಕ್ಕದು ಸಾಕಾಗುತ್ತಾ ಅಂತ ಹೊಸಬ್ರು ಕೇಳ್ತಾರೆ. ಇದನ್ನ ಎದೆಗೆ ಒತ್ತಿ ಹಿಡ್ಕೊಂಡ್ರೆ ಎಷ್ಟು ದೊಡ್ಡದಿದ್ರೂ ಸಾಲಲ್ಲ, ಕೈ ಚಾಚಿ ಎದುರಾಳಿ ಕತ್ತಿ ಹತ್ರ ತಗೊಂಡೋದ್ರೆ ಅಂಗೈ ಅಗಲದ್ದೂ ಎಷ್ಟೋ ಮರೆ ಮಾಡುತ್ತೆ. ನಮ್ಮ ಲೀಡ್ಸ್‌ನ ರಾಯಲ್ ಆರ್ಮರೀಸ್ ಅನ್ನೋ ಆಯುಧಗಳ ಮ್ಯೂಸಿಯಂನಲ್ಲಿರೋ ಐ.33 ಅನ್ನೋ ಕತ್ತಿವರಸೆ ಹಸ್ತಪ್ರತಿ, ಸುಮಾರು 1320ರ ದಶಕದ್ದು, ಅದರಲ್ಲಿ ಪಾದ್ರಿಯೊಬ್ಬ ಶಿಷ್ಯನಿಗೆ ಕಲಿಸೋ ಚಿತ್ರಗಳಿವೆ, ಕೊನೆಗೆ ವಾಲ್ಪುರ್ಗಿಸ್ ಅನ್ನೋ ಹೆಂಗಸೂ ಬರ್ತಾಳೆ. ಅಲ್ಲೂ ಬಕ್ಲರ್ ಬಹಳ ಸಲ ಕತ್ತಿ ಹಿಡಿದ ಕೈಗೇ ಮರೆಯಾಗಿ ಮುಂದೆ ಇರುತ್ತೆ.

ಕೊಳ್ಳೋರಾದ್ರೆ ನಿಮ್ಮ ಗ್ಲೌಸ್ ಹಾಕ್ಕೊಂಡೇ ಹಿಡಿದು ನೋಡಿ, ಕೈ ನೆಟ್ಟಗೆ ಚಾಚಿ ಎರಡು ನಿಮಿಷ ನಿಲ್ಲಿ, ಭುಜ ನಡುಗಿದ್ರೆ ವಾಪಸ್ ಇಡಿ. ಉಕ್ಕಿಂದಾದ್ರೆ ಅಂಚು ಮಡಚಿದೆಯಾ ನೋಡಿ, ಇಲ್ಲಾಂದ್ರೆ ಜೊತೆಗಾರನ ಕತ್ತಿ ಕಚ್ಚು ಬಿದ್ದು ಹಾಳಾಗುತ್ತೆ. ಆ ನುಗ್ಗಿದ ಬಟ್ಟಲು ಇನ್ನೂ ಇದೆ, ಈಗ ಸ್ಕ್ರೂ ಹಾಕಿಡೋಕೆ.