ಪತ್ತನಾಜೆ ಕಳೆದ ಮೇಲೆ ಸಬ್‌ಸ್ಕ್ರಿಪ್ಶನ್

ನಮ್ಮ ಮನೆ ಉಡುಪಿಯಲ್ಲಿ. ಅಮೆಜಾನ್ ಪ್ರೈಮ್‌ಗೆ ವರ್ಷಕ್ಕೆ 1499 ರೂಪಾಯಿ ಕಟ್ಟುತ್ತಿದ್ದೆ. ತಿಂಗಳಿಗೆ 125 ರೂಪಾಯಿ, ಜಾಸ್ತಿಯೇನಲ್ಲ ಅಂದುಕೊಂಡಿದ್ದೆ. ಆದರೂ ಒಂದು ವರ್ಷ ಲೆಕ್ಕ ಇಟ್ಟು ನೋಡೋಣ ಅನಿಸಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಪೆನ್ಸಿಲಿನಿಂದಲೇ, ನೋಡಿದ ಸಿನಿಮಾಕ್ಕೆ ಒಂದೊಂದು ಗೀಟು ಹಾಕಿದೆ. ಅರ್ಧಕ್ಕೆ ಬಿಟ್ಟದ್ದಕ್ಕೆ ಗೀಟಿಲ್ಲ.

ವರ್ಷ ಮುಗಿದು ಹಾಳೆ ತಿರುಗಿಸಿದರೆ ಜೂನ್, ಜುಲೈ, ಆಗಸ್ಟಿನಲ್ಲಿ ಗೀಟೋ ಗೀಟು. ಸೆಪ್ಟೆಂಬರಿನಿಂದ ಮೇವರೆಗೆ ಎಲ್ಲ ಸೇರಿ ಐದು. ನಮ್ಮ ಊರಿನಲ್ಲಿ ಅದು ಸಹಜವೇ ಅಲ್ವಾ? ದೀಪಾವಳಿ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಯಕ್ಷಗಾನದ ಆಟ, ದೈವಗಳ ಕೋಲ, ಜಾತ್ರೆ, ಮದುವೆ ಅಂತ ರಾತ್ರಿಗಳೆಲ್ಲ ಹೊರಗೇ ಕಳೆಯುತ್ತವೆ. ಮೇ ಕೊನೆಗೆ ಪತ್ತನಾಜೆ, ಅಂದರೆ ಆಟ, ಕೋಲಗಳೆಲ್ಲ ನಿಲ್ಲುವ ದಿನ, ಬಂದು ಮೇಳದವರು ಗೆಜ್ಜೆ ಬಿಚ್ಚಿ, ಮಳೆ ಹಿಡಿದ ಮೇಲೆಯೇ ನಮಗೆ ಸಿನಿಮಾ ಬೇಕಾಗುವುದು.

ವರ್ಷದ ಪ್ಲಾನ್ ಬಿಟ್ಟೆ. ಮೂರು ತಿಂಗಳಿನದ್ದು 599 ರೂಪಾಯಿ. ಅದನ್ನು ಜೂನ್ ಮೊದಲ ವಾರ ಹಾಕಿಸಿದೆ. ಉಳಿದ 900 ರೂಪಾಯಿ ಬಾಡಿಗೆ ಸಿನಿಮಾಕ್ಕೆ, ಅಂದರೆ ಅಲ್ಲೇ ಒಂದೊಂದಕ್ಕೂ ಬೇರೆ ಹಣ ಕಟ್ಟಿ ನೋಡುವುದಕ್ಕೆ. ಒಂದಕ್ಕೆ ನೂರರಂತೆ ಹಿಡಿದರೂ ಒಂಬತ್ತು ಬರುತ್ತದೆ, ನಮಗೆ ಐದೇ ಸಾಕಾಗಿತ್ತು. ಬಾಡಿಗೆಗೆ ಸದಸ್ಯರಾಗಿರಬೇಕು ಅಂತಲೂ ಇಲ್ಲ. ಸಾಮಾನು ತುಂಬಾ ತರಿಸುವವರು ಡೆಲಿವರಿ ಉಳಿತಾಯವನ್ನೂ ಸೇರಿಸಿ ನೋಡಬೇಕು. ನಾವು ತರಿಸುವುದು ಕಡಿಮೆ.

ಬಾಡಿಗೆಯ ಒಂದು ವಿಷಯ ನಾನು ತಡವಾಗಿ ಕಲಿತೆ. ಹಣ ಕಟ್ಟಿದ ಮೇಲೆ ಶುರು ಮಾಡಲಿಕ್ಕೆ ಸಾಮಾನ್ಯವಾಗಿ 30 ದಿನ ಇರುತ್ತದೆ. ಪ್ಲೇ ಒತ್ತಿದರೆ ಮತ್ತೆ 48 ಗಂಟೆ ಅಷ್ಟೇ. ಒಂದು ಶುಕ್ರವಾರ ರಾತ್ರಿ ಹತ್ತಕ್ಕೆ ಶುರು ಮಾಡಿದ್ದೆವು. ಅರ್ಧದಲ್ಲಿ ಕರೆಂಟು ಹೋಯಿತು. "ಉಳಿದದ್ದು ನಾಳೆ ನೋಡುವ ಮಗಾ" ಅಂದರು ಅಮ್ಮ. ಮರುದಿನ ನೆಂಟರು ಬಂದರು. ಭಾನುವಾರ ಊಟ ಮುಗಿಸಿ, ಅಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಕೂತರೆ, ಅದು ಮತ್ತೆ ಹಣ ಕೇಳುತ್ತಿತ್ತು. ಗಂಟೆ ಹತ್ತೂಕಾಲು. ಅಮ್ಮ ಏನೂ ಹೇಳಲಿಲ್ಲ, ಸುಮ್ನೆ ಎದ್ದು ಹೋಗಿ ಮಲಗಿದರು. ನನಗೆ ತುಂಬಾ ಬೇಜಾರಾಯಿತು. ಈಗ ಮರುದಿನವೂ ಬಿಡುವಿದೆಯಾ ಅಂತ ಅಮ್ಮನನ್ನು ಕೇಳಿಯೇ ಪ್ಲೇ ಒತ್ತುತ್ತೇನೆ.

ಅವಧಿ ಮುಗಿದಾಗ ಹಣ ತಾನಾಗಿಯೇ ಕಡಿತವಾಗುವ ಆಟೊಪೇಯನ್ನು, ಮೂರು ತಿಂಗಳ ಹಣ ಕಟ್ಟಿದ ದಿನವೇ ಯುಪಿಐ ಆ್ಯಪ್‌ನಲ್ಲಿ ರದ್ದು ಮಾಡುತ್ತೇನೆ. ಹಣ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆದರೆ ಅಷ್ಟಮಿ, ಚೌತಿಯ ಗೌಜಿಯಲ್ಲಿ ಆ ಮೆಸೇಜ್ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಎರಡು ಸಿನಿಮಾ ಬಾಡಿಗೆಗೆ ಪಡೆದೆವು. ಎರಡನ್ನೂ ಅಮ್ಮ ಕೊನೆಯವರೆಗೆ ನೋಡಿದರು.