ವಾಪಸ್ ಕೊಟ್ಟ ಮೋಡೆಮ್‌ಗೆ 3,540 ರೂಪಾಯಿ ಬಿಲ್: ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಚಿಕ್ಕ ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬುವುದು, ಇಂಥ ಆನ್‌ಲೈನ್ ಕೆಲಸವೇ ಜಾಸ್ತಿ. ನೆಟ್ ಹೋದರೆ ಅಂಗಡಿ ಬಾಗಿಲು ಹಾಕಿದ ಹಾಗೇ. ಹೋದ ಬೇಸಿಗೆಯಲ್ಲಿ ಬ್ರಾಡ್‌ಬ್ಯಾಂಡ್ ದಿನಕ್ಕೆ ಮೂರು ಸಲ ಕೈಕೊಡತೊಡಗಿತು. ಅದನ್ನು ಬಂದ್ ಮಾಡಿಸಿ ಬೇರೆ ಕಂಪನಿಯದು ಹಾಕಿಸಿಕೊಂಡೆ. ಹಳೆಯ ಮೋಡೆಮ್ ತಗೊಂಡು ಹೋಗಲು ಒಬ್ಬ ಹುಡುಗ ಬಂದ. ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಹೋದ. ಮುಗೀತು ಅಂದುಕೊಂಡೆ.

ಇಪ್ಪತ್ತನಾಲ್ಕು ದಿನ ಆದ ಮೇಲೆ ಒಂದು ಮೆಸೇಜ್ ಬಂತು. ನಾಳೆ ನಿಮ್ಮ ಖಾತೆಯಿಂದ 3,540 ರೂಪಾಯಿ ಕಟ್ ಆಗುತ್ತದೆ ಅಂತ. ಮೋಡೆಮ್ ವಾಪಸ್ ಬಂದಿಲ್ಲ, ಅದಕ್ಕೆ 3,000, ಮೇಲೆ 18% ಜಿಎಸ್‌ಟಿ 540. ನಾನು ಕಟ್ಟಿದ್ದ 1,500 ಡಿಪಾಸಿಟ್ ಬಗ್ಗೆ ಒಂದು ಮಾತೂ ಇಲ್ಲ.

ಮೊದಲು ಯುಪಿಐ ಆ್ಯಪ್ ತೆರೆದು ಆ ಕಂಪನಿಯ ಆಟೋಪೇ ರದ್ದು ಮಾಡಿದೆ. ಆಟೋಪೇ ಹಣ ಕಟ್ ಆಗುವ 24 ಗಂಟೆ ಮುಂಚೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಆ ಒಂದು ದಿನವೇ ನನ್ನನ್ನು ಉಳಿಸಿತು. ದುಡ್ಡು ಹೋದ ಮೇಲೆ ಅವರ ಹಿಂದೆ ನಾವು ಓಡಬೇಕು, ಹೋಗದಿದ್ದರೆ ನಮ್ಮ ಹಿಂದೆ ಅವರು ಬರಬೇಕು. ಮೆಸೇಜ್ ಬಂದ ಕೂಡಲೇ ನೋಡಿ, ನಾಳೆ ನೋಡೋಣ ಅನ್ನಬೇಡಿ.

ಆಮೇಲೆ ಕಸ್ಟಮರ್ ಕೇರ್‌ಗೆ ಫೋನ್. ಅಲ್ಲಿದ್ದ ಹುಡುಗಿ ಹೇಳಿದ್ದು ಇಷ್ಟು: "ಮೇಡಂ, ಪಾರ್ಸೆಲ್ ಕಲಬುರಗಿಯಿಂದ ಹೊರಟು ಗುಲ್ಬರ್ಗಾದಲ್ಲಿ ಡೆಲಿವರಿ ಆಗಿದೆ. ನಮ್ಮ ಗೋದಾಮಿಗೆ ಬಂದಿಲ್ಲ. ಗುಲ್ಬರ್ಗಾದಲ್ಲಿ ಯಾರಿಗೆ ಕಳಿಸಿದ್ರಿ?" ನಾನೂ ಟ್ರ್ಯಾಕ್ ಮಾಡಿ ನೋಡಿದೆ. ಒಂದು ಸಾಲಿನಲ್ಲಿ ಕಲಬುರಗಿ, ಕೆಳಗಿನ ಸಾಲಿನಲ್ಲಿ ಗುಲ್ಬರ್ಗಾ, ಅದರ ಮುಂದೆ 'ಡೆಲಿವರ್ಡ್'. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಗಿದೆ, ಕೊರಿಯರ್ ಕಂಪ್ಯೂಟರಿನಲ್ಲಿ ಎರಡೂ ಉಳಿದಿವೆ. ಎರಡೂ ಒಂದೇ ಊರು ಅಂತ ಅವಳಿಗೆ ತಿಳಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು. ಪಾಪ, ದೂರದಲ್ಲಿ ಕೂತವಳಿಗೆ ಹೇಗೆ ಗೊತ್ತಾಗಬೇಕು? ಆದರೆ ನನಗೂ ಒಂದು ಪ್ರಶ್ನೆ ಉಳಿಯಿತು. ಹೊರಟ ಊರಲ್ಲೇ ಅದು ಡೆಲಿವರಿ ಆದದ್ದು ಹೇಗೆ?

ಫೋನಿನಲ್ಲಿ ಇದು ಬಗೆಹರಿಯುವುದಿಲ್ಲ ಅನ್ನಿಸಿತು. ಮಧ್ಯಾಹ್ನ ಅಂಗಡಿ ತಮ್ಮನಿಗೆ ಬಿಟ್ಟು ಹುಮನಾಬಾದ್ ರಸ್ತೆಯ ಕೊರಿಯರ್ ಆಫೀಸಿಗೆ ಹೋದೆ. ಬಾಗಿಲ ತನಕ ಚೀಲಗಳ ರಾಶಿ. ಕೌಂಟರಿನ ಹುಡುಗ ನನ್ನ ನಂಬರ್ ನೋಡಿದ ಕೂಡಲೇ ಹೇಳಿದ: "ಅಕ್ಕೋರ, ಈ ನಂಬರ್ ನಮ್ಮ ಆಫೀಸಿಗೇ ಮುಗೀತದ್ರಿ. ಹೈದರಾಬಾದಿಗೆ ಹೋಗಾಕ ಬ್ಯಾರೆ ನಂಬರ್ ಹಚ್ತೀವಿ."

ಗಂಟು ಇದ್ದದ್ದು ಅಲ್ಲೇ. ಮನೆಯಿಂದ ಡಬ್ಬಿ ತರುವವರು ಒಬ್ಬರು, ಊರಿಂದ ಊರಿಗೆ ಒಯ್ಯುವವರು ಇನ್ನೊಬ್ಬರು. ಮೊದಲನೆಯವರ ಲೆಕ್ಕದಲ್ಲಿ ಇಲ್ಲಿನ ಆಫೀಸಿಗೆ ಕೊಟ್ಟರೆ ಡೆಲಿವರಿ ಮುಗಿಯಿತು. ಹೊಸ ನಂಬರ್ ನನಗೂ ಬಂದಿಲ್ಲ, ಕಂಪನಿಯ ಕಂಪ್ಯೂಟರಿಗೂ ಹೋಗಿಲ್ಲ. ಆ ಹುಡುಗ ಉದ್ದನೆಯ ರಿಜಿಸ್ಟರ್ ತೆಗೆದು, ತಾರೀಖು ಹಿಡಿದು, ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಮೂರನೇ ಪುಟದಲ್ಲಿ ನನ್ನ ಹೆಸರು ಸಿಕ್ಕಿತು. ಹೊಸ ನಂಬರ್ ಹಾಕಿ ನೋಡಿದರೆ, ನಾನು ಕೊಟ್ಟ ಆರನೇ ದಿನವೇ ಡಬ್ಬಿ ಹೈದರಾಬಾದಿನ ಗೋದಾಮು ಸೇರಿದೆ! ತಗೊಂಡವರ ಸಹಿ, ಸಿಕ್ಕಾ ಇರುವ ಡೆಲಿವರಿ ಚೀಟಿಯ ಫೋಟೋ ಕೇಳಿದೆ. ವಾಟ್ಸ್‌ಆ್ಯಪ್‌ಗೆ ಕಳಿಸಿದ. ಬರೇ 'ಡೆಲಿವರ್ಡ್' ಅನ್ನುವ ಅಕ್ಷರ ಸಾಕ್ಷಿ ಅಲ್ಲ, ಸಹಿ ಇರುವ ಚೀಟಿಯೇ ಸಾಕ್ಷಿ.

ಇಷ್ಟಾದರೂ ಕಂಪನಿ ಒಪ್ಪಲಿಲ್ಲ. "ಡಬ್ಬಿ ಬಂದಿದೆ, ಅದರಲ್ಲಿ ಇದ್ದದ್ದು ನಿಮ್ಮ ಮೋಡೆಮ್ ಅಲ್ಲ" ಅಂದರು. ಕೇಳಿ ಹೊಟ್ಟೆ ಉರಿಯಿತು. ಹಾಗಾದರೆ ಬಂದ ಮೋಡೆಮಿನ ಸೀರಿಯಲ್ ನಂಬರ್ ಬರೆದು ಕಳಿಸಿ ಅಂತ ಮೇಲ್ ಹಾಕಿದೆ. ಕೊಡುವ ಮುಂಚೆ ನಾನು ಮೋಡೆಮ್‌ನ ಹಿಂಬದಿಯ ಸ್ಟಿಕರ್ ಫೋಟೋ ತೆಗೆದಿಟ್ಟುಕೊಂಡಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿದೆ. ಎಲ್ಲಾ ಒಂದೇ, ಒಂದು ಕಡೆ ಬಿಟ್ಟು. ಸ್ಟಿಕರಿನಲ್ಲಿ ಇಂಗ್ಲಿಷಿನ 'ಬಿ' ಇದೆ, ಅವರು 8 ಅಂತ ಬರೆದುಕೊಂಡಿದ್ದಾರೆ. ಬಿಸಿಗೆ ಬಣ್ಣ ಮಾಸಿದ ಸ್ಟಿಕರ್, ಕಣ್ಣು ತಪ್ಪುವುದು ಸಹಜ. ಆದರೆ ಆ ಒಂದು ಅಕ್ಷರಕ್ಕೆ ನಾನೇಕೆ 3,540 ಕೊಡಲಿ? ಫೋಟೋವನ್ನು ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆದು, ಆ ಅಕ್ಷರಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಸ್ಕ್ಯಾನ್ ಮಾಡಿ ಕಳಿಸಿದೆ.

ಈ ನಡುವೆ ವಸೂಲಿಯವನೊಬ್ಬ ಹಿಂದಿಯಲ್ಲಿ ಫೋನ್ ಮಾಡಿ, "1,500 ಕೊಟ್ಟುಬಿಡಿ, ಸೆಟಲ್ ಮಾಡ್ತೀವಿ" ಅಂದ. ನಮ್ಮ ಮನೆಯವರೂ, "ಕೊಟ್ಟು ಕೈ ತೊಳ್ಕೋ, ಯಾಕ ತಲಿ ಕೆಡಿಸ್ಕೊಳ್ತಿ" ಅಂದರು. ನಾನು ಒಪ್ಪಲಿಲ್ಲ. ಅರ್ಧ ಕೊಟ್ಟರೂ ಮೋಡೆಮ್ ಕಳೆದದ್ದು ನಾನೇ ಅಂತ ಒಪ್ಪಿದ ಹಾಗಲ್ವಾ?

ಕಸ್ಟಮರ್ ಕೇರ್‌ನವರು ಪ್ರತಿ ಸಲವೂ 'ದೂರು ಬಗೆಹರಿದಿದೆ' ಅಂತ ಮೆಸೇಜ್ ಕಳಿಸಿ ಸುಮ್ನೆ ಮುಚ್ಚಿಬಿಡುತ್ತಿದ್ದರು. ಫೋನ್, ಇಂಟರ್‌ನೆಟ್ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್‌ನ 2012ರ ನಿಯಮದ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ನಂಬರ್, ಅಂದರೆ ದೂರಿನ ಗುರುತಿನ ನಂಬರ್ ಕೊಡಬೇಕು. ಉತ್ತರ ಸರಿ ಕಾಣದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಫೀಸ್ ಇಲ್ಲ, 39 ದಿನದೊಳಗೆ ತೀರ್ಮಾನ ಹೇಳಬೇಕು. ಡಾಕೆಟ್ ನಂಬರ್, ಎರಡೂ ಕೊರಿಯರ್ ನಂಬರ್, ಸೀರಿಯಲ್ ನಂಬರ್ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಮೇಲ್ ಮಾಡಿದೆ. ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟಿನಲ್ಲೂ ಹಾಕಿದೆ. ಅದರ ನಂಬರ್ ಒಟ್ಟು 13 ಅಕ್ಷರದ್ದು, ಮೊದಲಿಗೆ ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ 'ಐಎನ್'. ಇಲ್ಲಿಂದ ಅಲ್ಲಿಯವರೆಗೆ ಅದೇ ಒಂದು ನಂಬರ್, ನನಗೆ ಅದೇ ಸಮಾಧಾನ. ರಸೀದಿಯ ಅಕ್ಷರ ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತದೆ, ಅವತ್ತೇ ಝೆರಾಕ್ಸ್ ತೆಗೆದಿಡಿ.

ಇದಕ್ಕೂ ಬಗ್ಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವಳಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀಸ್ ಇಲ್ಲ. ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ.

ಈಗ ಅಂಗಡಿಗೆ ಬರುವವರಿಗೆ ಇಷ್ಟು ಹೇಳುತ್ತೇನೆ. ಡಬ್ಬಿ ಮುಚ್ಚುವ ಮುಂಚೆ ಸೀರಿಯಲ್ ನಂಬರ್, ಅಡಾಪ್ಟರ್ ಎರಡೂ ಕಾಣುವ ಹಾಗೆ ಫೋಟೋ ತೆಗೆಯಿರಿ. ಒಯ್ಯುವ ಹುಡುಗನ ಕೈಯಿಂದ ಸೀರಿಯಲ್ ನಂಬರ್ ಬರೆಸಿ ಸಹಿ ಹಾಕಿಸಿಕೊಳ್ಳಿ. ಮುಂದೆ ನಂಬರ್ ಬದಲಾಗುತ್ತದಾ ಅಂತ ಅವನನ್ನೇ ಕೇಳಿ.

ಮೇಲ್ಮನವಿ ಹಾಕಿದ 31ನೇ ದಿನ ಉತ್ತರ ಬಂತು. 3,540 ರೂಪಾಯಿ ಬಿಲ್ ರದ್ದು. ಅದಾಗಿ ಒಂಬತ್ತು ದಿನಕ್ಕೆ ನನ್ನ 1,500 ಡಿಪಾಸಿಟ್ ಕೂಡ ಖಾತೆಗೆ ಬಿತ್ತು. ಬಾಕಿ ಏನೂ ಇಲ್ಲ ಅಂತ ಬರೆದುಕೊಡಿ ಅಂತ ಇನ್ನೊಂದು ಮೇಲ್ ಹಾಕಿದೆ. ಆ ಪತ್ರ ಬಂದ ದಿನವೇ ಎರಡು ಪ್ರತಿ ತೆಗೆದು, ಒಂದು ಮನೆಯಲ್ಲಿ, ಒಂದು ಅಂಗಡಿಯಲ್ಲಿ ಇಟ್ಟಿದ್ದೇನೆ.