ಅಜ್ಜಿಯ ಕೈಗೂ ಕೆಲಸ ಕೊಡಿ: ಒಂಟಿ ಮನೆಗಳಲ್ಲಿ ನಾನು ಕಂಡ ಅಪ್ಪುಗೆ

ಧಾರವಾಡ ಮತ್ತು ಹುಬ್ಬಳ್ಳಿಯಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಫಿಸಿಯೋಥೆರಪಿ ಕೊಡುವುದು ನನ್ನ ಕೆಲಸ. ಮಂಡಿಯ ಶಸ್ತ್ರಚಿಕಿತ್ಸೆ ಆದವರು, ಪಾರ್ಶ್ವವಾಯುವಿಗೆ ತುತ್ತಾದವರು, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡವರು ನನ್ನ ರೋಗಿಗಳು. ಅವರಲ್ಲಿ ಬಹಳ ಮಂದಿ ಒಂಟಿಯಾಗಿ ಬದುಕುತ್ತಿದ್ದಾರೆ. ಸಪ್ತಾಪುರದಲ್ಲೋ ಮಾಳಮಡ್ಡಿಯಲ್ಲೋ ಅಂಗಳವಿರುವ ಮನೆ, ಮುಂದೊಂದು ಮಾವಿನ ಗಿಡ, ಒಳಗೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ನ್ಯೂಜೆರ್ಸಿಯಲ್ಲಿ. ಹಣಕ್ಕೆ, ಔಷಧಿಗೆ, ಅಡುಗೆಯವಳಿಗೆ ಕೊರತೆಯಿಲ್ಲ. ದಿನವೂ ವಿಡಿಯೋ ಕರೆ ಬರುತ್ತದೆ.

ಇಂಥವರ ಮೈಯನ್ನು ಮುಟ್ಟುವವರು ಯಾರು ಎಂದು ಯೋಚಿಸಿ ನೋಡಿ. ರಕ್ತದೊತ್ತಡ ಅಳೆಯಲು ತೋಳಿಗೆ ಪಟ್ಟಿ ಬಿಗಿಯುತ್ತಾರೆ, ಸಕ್ಕರೆ ಪರೀಕ್ಷೆಗೆ ಬೆರಳಿಗೆ ಸೂಜಿ ಚುಚ್ಚುತ್ತಾರೆ, ಆರೈಕೆಯವಳು ಸ್ನಾನ ಮಾಡಿಸಿ ಒರೆಸುತ್ತಾಳೆ, ನಾನು ಹೋಗಿ ಮಂಡಿ ಮಡಚಿಸುತ್ತೇನೆ. ಎಲ್ಲವೂ ಕೆಲಸದ ಮುಟ್ಟುವಿಕೆ. ಪ್ರೀತಿಗೆಂದೇ ಮುಟ್ಟುವ ಕೈ ಒಂದೂ ಇಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು ಉಂಟು. ಅವರು ತಮ್ಮ ಕೈಯಿಂದ ಪ್ರೀತಿಯಾಗಿ ಮುಟ್ಟೋಣವೆಂದರೆ ಹತ್ತಿರದಲ್ಲಿ ಒಂದು ತಲೆಯಿಲ್ಲ, ಒಂದು ಬೆನ್ನಿಲ್ಲ. ಈ ಎರಡನೆಯ ಕೊರತೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ರೀತಿಯನ್ನು ಹೇಳುತ್ತೇನೆ. ವ್ಯಾಯಾಮ ಮುಗಿದ ನಂತರದ ಐದು ನಿಮಿಷ ನನ್ನ ಚಿಕಿತ್ಸೆಯ ಲೆಕ್ಕಕ್ಕೆ ಸೇರುವುದಿಲ್ಲ. ಚೀಲ ಮುಚ್ಚಿಟ್ಟು, ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಂಡು ಬಂದು ಅವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಎದುರಿಗೆ ಕೂರುತ್ತೇನೆ. ಮಲಗಿರುವವರನ್ನು ನಿಂತಲ್ಲಿಂದಲೇ ಬಾಗಿ ಅಪ್ಪಿದರೆ ಮೈಮೇಲೆ ಯಾರೋ ಬಿದ್ದಂತಾಗಿ ಅವರು ಗಾಬರಿಯಾಗುತ್ತಾರೆ. ಅಂಗೈ ಮೇಲೆ ಮಾಡಿ ಮಂಚದ ಅಂಚಿನಲ್ಲಿಟ್ಟು ಮಾತು ಮುಂದುವರಿಸುತ್ತೇನೆ. ಕೆಲವರು ಕೂಡಲೇ ಅದರ ಮೇಲೆ ಕೈ ಇಡುತ್ತಾರೆ, ಕೆಲವರಿಗೆ ವಾರಗಳು ಬೇಕು. ಒಬ್ಬ ನಿವೃತ್ತ ಗಣಿತ ಮೇಷ್ಟ್ರು ಕೊನೆಯವರೆಗೂ ಕೈ ಇಡಲಿಲ್ಲ. ಆದರೆ ನಾನು ಹೊರಡುವಾಗ ವಾಕರ್ ಹಿಡಿದು ಬಾಗಿಲವರೆಗೆ ಬಂದು ಬೀಳ್ಕೊಡಲು ಶುರು ಮಾಡಿದರು. ಅವರ ಅಕ್ಕರೆ ಹರಿಯುವ ದಾರಿ ಅದು. ಅದಕ್ಕಿಂತ ಹೆಚ್ಚನ್ನು ನಾನು ಬಯಸಲೂ ಇಲ್ಲ.

ಕೈ ಕೊಟ್ಟವರನ್ನು ಮಾತ್ರ ಕೇಳುತ್ತೇನೆ: ‘ಅಮ್ಮಾ, ಒಮ್ಮೆ ಅಪ್ಪಿಕೊಳ್ಳಲೇ?’ ಕೇಳದೆ ಯಾರನ್ನೂ ಅಪ್ಪಬಾರದು. ವಯಸ್ಸಾದವರ ಮೈಯನ್ನು ಎಲ್ಲರೂ ಕೇಳದೆಯೇ ಎತ್ತುತ್ತಾರೆ, ಹೊರಳಿಸುತ್ತಾರೆ, ಸೆರಗು ಸರಿಸುತ್ತಾರೆ. ‘ಬೇಡ’ ಎನ್ನುವ ಅವಕಾಶ ಅವರಿಗೆ ಸಿಕ್ಕು ಎಷ್ಟು ಕಾಲವಾಗಿರುತ್ತದೋ! ‘ಬೇಡ’ ಎಂದವರಲ್ಲಿ ಕೆಲವರು ಮುಂದಿನ ಭೇಟಿಯಲ್ಲಿ ತಾವೇ ತೋಳು ಚಾಚಿದ್ದನ್ನು ಕಂಡಿದ್ದೇನೆ.

ಅಪ್ಪುವುದರಲ್ಲೂ ಎಚ್ಚರ ಬೇಕು. ಮೂಳೆ ಸವೆತ ಇರುವವರನ್ನು ಬಿಗಿಯಾಗಿ ಹಿಡಿದರೆ ಪಕ್ಕೆಲುಬು ಬಿರುಕು ಬಿಡಬಹುದು. ಪಾರ್ಶ್ವವಾಯುವಿನಿಂದ ಸೋತ ತೋಳನ್ನು ಎಳೆದು ನಮ್ಮ ಹೆಗಲ ಮೇಲೆ ಹಾಕಿಕೊಂಡರೆ ಭುಜದ ಕೀಲು ಜಾರುವ ಅಪಾಯವಿದೆ. ಮರೆವಿನ ಕಾಯಿಲೆ ಇರುವವರನ್ನು ಹಿಂದಿನಿಂದ ಮುಟ್ಟಲೇಬಾರದು, ಎದುರು ನಿಂತು ಹೆಸರು ಹಿಡಿದು ಮಾತನಾಡಿಸಿದ ಮೇಲಷ್ಟೇ ಹತ್ತಿರ ಹೋಗಬೇಕು. ನಮಗೆ ನೆಗಡಿ, ಕೆಮ್ಮು ಇದ್ದ ದಿನ ದೂರದ ನಮಸ್ಕಾರ ಸಾಕು. ಪಕ್ಕದಲ್ಲಿ ಕೂತು ಒಂದು ತೋಳನ್ನು ಬೆನ್ನಿಗೆ ಬಳಸಿ ಭುಜಕ್ಕೆ ಭುಜ ತಾಗಿಸುವ ಅಪ್ಪುಗೆ ಬಹುಪಾಲು ಜನರಿಗೆ ಒಗ್ಗುತ್ತದೆ. ಬೆನ್ನು ತಟ್ಟಬೇಡಿ ಎಂದು ಹೊಸ ಆರೈಕೆದಾರರಿಗೆಲ್ಲ ಹೇಳುತ್ತೇನೆ. ತಟ್ಟಿದರೆ ‘ಆಯಿತು, ಇನ್ನು ಹೊರಟೆ’ ಎಂದಂತೆ, ಆಗ ಸಡಿಲವಾಗುತ್ತಿದ್ದ ಮೈ ಮತ್ತೆ ಬಿಗಿಯುತ್ತದೆ. ಅಂಗೈ ಇಟ್ಟು ಸುಮ್ಮನಿರಿ, ಇಲ್ಲವೇ ನಿಧಾನವಾಗಿ ಸವರಿ. ಅವರು ಬಿಡುವವರೆಗೆ ನಾವು ಬಿಡಬಾರದು.

ಎಷ್ಟು ನಿಧಾನ ಎಂಬುದಕ್ಕೆ ನರವಿಜ್ಞಾನದಲ್ಲಿ ಉತ್ತರವಿದೆ. ಕೂದಲಿರುವ ಚರ್ಮದಲ್ಲಿ, ಅಂದರೆ ಮುಂದೋಳು, ಬೆನ್ನಿನಂಥ ಕಡೆ, ಸಿ-ಟ್ಯಾಕ್ಟೈಲ್ ಎಂಬ ಸೂಕ್ಷ್ಮ ನರತಂತುಗಳಿವೆ. ಸ್ವೀಡನ್ನಿನ ಸಂಶೋಧಕರು 1990ರ ದಶಕದಿಂದ ಮನುಷ್ಯರಲ್ಲಿ ಇವುಗಳ ಬೆನ್ನು ಹತ್ತಿದ್ದಾರೆ. ಮೈಬಿಸಿಯಷ್ಟೇ ಬೆಚ್ಚಗಿರುವ ಕೈ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೃದುವಾಗಿ ಸವರಿದಾಗ ಇವು ಹೆಚ್ಚು ಚುರುಕಾಗುತ್ತವೆ, ಗಡಿಬಿಡಿಯಲ್ಲಿ ಉಜ್ಜಿದರೆ ಮಂಕಾಗುತ್ತವೆ. ಕೂಸಿನ ಬೆನ್ನು ಸವರುವ ತಾಯಿಯ ಕೈ ಯಾರೂ ಹೇಳಿಕೊಡದೆ ಇದೇ ವೇಗವನ್ನು ಹಿಡಿಯುತ್ತದೆ. ವಯಸ್ಸಾದಂತೆ ಬೆರಳ ತುದಿಯ ಸೂಕ್ಷ್ಮ ಅರಿವು ಕುಂದುತ್ತದೆ, ಗುಂಡಿ ಹಾಕುವುದು ಕಷ್ಟವಾಗುತ್ತದೆ. ಆದರೆ ನಿಧಾನವಾಗಿ ಸವರಿದಾಗ ಸಿಗುವ ಹಿತ ಕುಂದುವುದಿಲ್ಲ. ‘ಅವರಿಗೆ ಈಗ ಏನು ತಿಳಿಯುತ್ತದೆ’ ಎನ್ನುವ ಮನೆಯವರಿಗೆ ನಾನು ಇದನ್ನೇ ಒತ್ತಿ ಹೇಳುತ್ತೇನೆ.

ಅಪ್ಪುಗೆಯ ಲಾಭ ಮನಸ್ಸಿಗೆ ಮಾತ್ರ ಎಂದು ತಿಳಿದವರಿಗೆ ಹೇಳಲು ಇನ್ನೊಂದು ಅಧ್ಯಯನವಿದೆ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 404 ಆರೋಗ್ಯವಂತರನ್ನು 14 ಸಂಜೆಗಳ ಕಾಲ ಮಾತನಾಡಿಸಿ, ಅಂದು ಜಗಳವಾಯಿತೇ, ಯಾರಾದರೂ ಅಪ್ಪಿಕೊಂಡರೇ ಎಂದು ಕೇಳಿ, ಆಮೇಲೆ ಅವರನ್ನು ನೆಗಡಿಯ ವೈರಸ್ಸಿಗೆ ಒಡ್ಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಮಗೆ ಜನರಿದ್ದಾರೆ ಎಂಬ ಭರವಸೆ ಉಳ್ಳವರನ್ನು ಜಗಳದ ಒತ್ತಡದ ನಡುವೆಯೂ ಸೋಂಕು ಅಷ್ಟಾಗಿ ಬಾಧಿಸಲಿಲ್ಲ. ಆ ರಕ್ಷಣೆಯಲ್ಲಿ ಸುಮಾರು ಮೂರನೇ ಒಂದು ಭಾಗ ಅಪ್ಪುಗೆಯದಾಗಿತ್ತು. ನನ್ನ ರೋಗಿಗಳಲ್ಲಿ ನಾನು ಕಂಡದ್ದು ಇನ್ನೂ ಸರಳ: ಕಿವಿಯವರೆಗೆ ಏರಿದ ಭುಜಗಳು ಇಳಿಯುತ್ತವೆ, ಉಸಿರು ಹೊಟ್ಟೆಯವರೆಗೆ ಹೋಗುತ್ತದೆ, ನಾನು ಹೋಗದ ದಿನವೂ ಅವರು ವ್ಯಾಯಾಮ ಮಾಡುತ್ತಾರೆ.

ನಮ್ಮಲ್ಲಿ ಮುಟ್ಟುವುದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಬೆಳಗ್ಗೆ ಮಡಿಯಲ್ಲಿರುವ ಅಜ್ಜಿಯರ ಮನೆಗೆ ನಾನು ಮಧ್ಯಾಹ್ನದ ಮೇಲೆಯೇ ಹೋಗುತ್ತೇನೆ. ಅವರ ನೇಮಕ್ಕೆ ಅಡ್ಡ ಬಂದು ಪ್ರೀತಿ ತೋರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಪೌರಕಾರ್ಮಿಕರಾಗಿ ದುಡಿದು ನಿವೃತ್ತರಾದ ಒಬ್ಬ ತಾಯಿ ಮೊದಲ ದಿನ ನಾನು ಕಾಲು ಹಿಡಿದಾಗ ಹಿಂದಕ್ಕೆ ಎಳೆದುಕೊಂಡರು. ಕೆಲಸದ ವರ್ಷಗಳಲ್ಲಿ ಜನ ಮೇಲಿನಿಂದ ಕೈಗೆ ನೀರು ಸುರಿದರೇ ಹೊರತು ಲೋಟ ಕೊಡಲಿಲ್ಲ ಎಂದು ಆಮೇಲೊಂದು ದಿನ ಹೇಳಿದರು. ಅವರ ಒಂಟಿತನ ಗಂಡ ತೀರಿದ ಮೇಲೆ ಶುರುವಾದದ್ದಲ್ಲ, ಹುಟ್ಟಿನಿಂದಲೇ ಊರು ಅದನ್ನು ಅವರ ಮೇಲೆ ಹೊರಿಸಿತ್ತು. ಅವರನ್ನು ಅಪ್ಪಿಕೊಂಡಾಗಲೆಲ್ಲ ಆ ಊರಿನಲ್ಲಿ ನಾನೂ ಇದ್ದೇನೆ ಎಂಬ ಅರಿವು ನನ್ನನ್ನು ಬಿಡುವುದಿಲ್ಲ.

ಗಂಡಸರ ವಿಷಯ ಬೇರೆ. ಹೆಂಡತಿ ಹೋದ ಮೇಲೆ ಅವರನ್ನು ಮುಟ್ಟುವವರು ಒಬ್ಬರೂ ಉಳಿಯುವುದಿಲ್ಲ. ಮಗ ಕಾಲಿಗೆ ನಮಸ್ಕರಿಸುತ್ತಾನೆ, ಅಷ್ಟೇ. ಹೆಣ್ಣಾದ ನಾನು ಅಪ್ಪಿಕೊಳ್ಳಲು ಹೋದರೆ ಬಹಳ ಹಿರಿಯರಿಗೆ ಇರುಸುಮುರುಸಾಗುತ್ತದೆ, ಆದ್ದರಿಂದ ಅವರ ಕೈಯನ್ನು ನನ್ನೆರಡು ಕೈಗಳಲ್ಲಿ ಹಿಡಿದು ಕೂರುತ್ತೇನೆ. ಕ್ಷೌರಿಕರನ್ನು ಮನೆಗೇ ಕರೆಸಿ ಎಂದು ಮಕ್ಕಳಿಗೆ ಹೇಳುತ್ತೇನೆ. ಗಡ್ಡ ಹೆರೆದು, ತಲೆಗೆ ಎಣ್ಣೆ ತಟ್ಟಿ, ಕತ್ತು ತಿಕ್ಕಿ, ನಡುನಡುವೆ ಊರ ಸುದ್ದಿ ಹೇಳುವ ಆ ಅರ್ಧ ಗಂಟೆಗೆ ಸಮನಾದ ಔಷಧ ನನ್ನ ಚೀಲದಲ್ಲಿಲ್ಲ.

ಈಗ ಮಾಳಮಡ್ಡಿಯ ಒಬ್ಬ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಸೊಂಟದ ಮೂಳೆ ಕೂಡಿಸಿದ ಮೇಲೆ ಅವರ ನಡಿಗೆ ಸುಧಾರಿಸುತ್ತಿತ್ತು, ಆದರೆ ಊಟ ಸೇರುತ್ತಿರಲಿಲ್ಲ, ಮಾತು ಕಡಿಮೆಯಾಗಿತ್ತು. ನನ್ನ ಅಪ್ಪುಗೆಯನ್ನು ಅವರು ಪ್ರಸಾದ ತೆಗೆದುಕೊಂಡಂತೆ ವಿನಯದಿಂದ ತೆಗೆದುಕೊಳ್ಳುತ್ತಿದ್ದರು. ಆ ವಿನಯವೇ ನನಗೆ ಸಂಕಟವಾಗುತ್ತಿತ್ತು. ಪ್ರೀತಿಯಲ್ಲಿ ಬರೀ ಪಡೆಯುವವರಾಗಿ ಉಳಿಯುವುದು ಸಣ್ಣ ನೋವಲ್ಲ. ಅದರಲ್ಲೂ ಅವರು ವಿಧವೆ. ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ, ಸೀಮಂತದಲ್ಲಿ, ತೊಟ್ಟಿಲಿಗೆ ಹಾಕುವಾಗ ಮುಂದೆ ನಿಲ್ಲಿಸುವುದಿಲ್ಲ. ಹೆರಳು ಹಾಕುವ, ಹೂ ಮುಡಿಸುವ, ಕೂಸನ್ನು ಎತ್ತಿ ಆಡಿಸುವ ಎಲ್ಲ ಶುಭದ ಮುಟ್ಟುವಿಕೆಗಳಿಂದ ಅವರ ಕೈಯನ್ನು ಹೊರಗಿಟ್ಟಿದ್ದರು.

ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಸೊಸೆಯ ವಯಸ್ಸಿನ ಹುಡುಗಿ ಹೆತ್ತು ಮೂರು ತಿಂಗಳಾಗಿತ್ತು. ತವರು ದೂರ. ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಭಯ, ಮೊಬೈಲ್ ನೋಡಿ ಕಲಿಯುತ್ತಿದ್ದಳು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಅಜ್ಜಿ ಮೊದಲು ಹೇಳಿದ್ದು, ‘ನಾನು ಮುಟ್ಟಬಹುದೇ?’ ಹುಡುಗಿ ಅಂದದ್ದು, ‘ಅವರು ಒಪ್ಪಿದರೆ ನನ್ನ ಪುಣ್ಯ.’ ನೆಲದ ಮೇಲೆ ಕಾಲು ಚಾಚಿ ಕೂರಲು ಅಜ್ಜಿಗೆ ಆಗುವುದಿಲ್ಲ. ಆದ್ದರಿಂದ ಎತ್ತರದ ಮಂಚಕ್ಕೆ ರಬ್ಬರಿನ ಹಾಸು, ಅದರ ಮೇಲೆ ಮಡಚಿದ ಹತ್ತಿ ಸೀರೆ ಹಾಸಿ, ಅಜ್ಜಿಯನ್ನು ತೋಳಿರುವ ಕುರ್ಚಿಯಲ್ಲಿ ಕೂರಿಸಿದೆ. ತಾಯಿ ಕೂಸನ್ನು ಬಿಡದೆ ಹಿಡಿದಿರಬೇಕು, ಎರೆಯುವುದನ್ನೂ ಅವಳೇ ಮಾಡಬೇಕು, ಎಣ್ಣೆ ಹಚ್ಚುವುದು ಮಾತ್ರ ಅಜ್ಜಿಯದು ಎಂದು ತೀರ್ಮಾನವಾಯಿತು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ತಮ್ಮ ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ಬಿಸಿ ನೋಡಿಕೊಂಡು, ಅಜ್ಜಿ ಕೂಸಿನ ಎದೆಯಿಂದ ಹೊಟ್ಟೆಗೆ, ತೊಡೆಯಿಂದ ಪಾದಕ್ಕೆ ಕೈ ಇಳಿಸಿದರು. ಏನಾದರೂ ಹಿಡಿಯಲು ಹೋದಾಗ ನಡುಗುತ್ತಿದ್ದ ಕೈ ಅಲ್ಲಿ ನಡುಗಲಿಲ್ಲ. ಬಾಯಲ್ಲಿ ತಾನಾಗಿ ಜೋಗುಳ ಬಂತು. ಮುಗಿದ ಮೇಲೆ ಬೆರಳುಗಳನ್ನು ತಮ್ಮ ಕೆನ್ನೆಗೆ ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದರು. ಆಗ ಹುಡುಗಿಯೇ ಬಾಗಿ ಅವರನ್ನು ತಬ್ಬಿಕೊಂಡಳು.

ಅದೇ ವಾರ ಅಜ್ಜಿ ರೊಟ್ಟಿ ಕೇಳಿ ತಿಂದರು. ಮೆಟ್ಟಿಲು ಹತ್ತುವುದನ್ನು ಕಲಿಸಿ ಎಂದು ನನ್ನ ಬೆನ್ನು ಬಿದ್ದರು, ಕೂಸು ಮೇಲಿರುತ್ತದಲ್ಲ! ಅಮೆರಿಕದ ಮಯಾಮಿಯಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನವಿದೆ. ಹಿರಿಯ ಸ್ವಯಂಸೇವಕರು ತಾವು ಮಾಲಿಷ್ ಮಾಡಿಸಿಕೊಂಡಾಗ ಪಡೆದದ್ದಕ್ಕಿಂತ ಹೆಚ್ಚಿನ ನೆಮ್ಮದಿಯನ್ನು ಕೂಸುಗಳಿಗೆ ಮಾಲಿಷ್ ಮಾಡಿದಾಗ ಪಡೆದರು. ಆ ಮಂಚದ ಬಳಿ ನಿಂತು ನಾನು ಕಂಡದ್ದೂ ಅದನ್ನೇ.

ಅಂದಿನಿಂದ ಹೊಸ ಮನೆಗೆ ಹೋದಾಗ ನಾನು ಹುಡುಕುವುದು ಆ ಕೈಗಳಿಗೆ ಒಪ್ಪುವ ಕೆಲಸವನ್ನು. ಕೆಲಗೇರಿಯ ಒಬ್ಬರಿಗೆ ಅಡುಗೆಯವಳ ಶಾಲೆಗೆ ಹೋಗುವ ಮಗಳಿದ್ದಾಳೆ, ಅವಳಿಗೆ ಎರಡು ಜಡೆ ಹಾಕುತ್ತಾರೆ. ಹುಬ್ಬಳ್ಳಿಯ ನಿವೃತ್ತ ರೈಲ್ವೆ ನೌಕರರೊಬ್ಬರು ಪಕ್ಕದ ಮನೆಯ ಹುಡುಗನ ಕೈ ಹಿಡಿದು ಅಕ್ಷರ ತಿದ್ದಿಸುತ್ತಾರೆ. ಮಕ್ಕಳ ತಾಯಂದಿರ ಒಪ್ಪಿಗೆ ಪಡೆದು, ಮನೆಯವರ ಎದುರಿನಲ್ಲೇ ಇದೆಲ್ಲ ನಡೆಯುತ್ತದೆ. ಮಗು ಒಲ್ಲೆ ಎಂದರೆ ಅಲ್ಲಿಗೆ ನಿಲ್ಲಿಸುತ್ತೇವೆ.

ಅಪ್ಪುಗೆಯಿಂದ ತೀರದ ನೋವೂ ಇದೆ. ನಿದ್ರೆ, ಹಸಿವು ಎರಡೂ ವಾರಗಟ್ಟಲೆ ಕೆಟ್ಟು, ಸಾವಿನ ಮಾತು ಬಂದರೆ ನಾನು ತಡ ಮಾಡುವುದಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಫೋನಿನಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹಿರಿಯರ ಸಹಾಯವಾಣಿ 14567 ಇದೆ. ಖಿನ್ನತೆಗೆ ವೈದ್ಯರು ಬೇಕು.

ದೂರದ ಮಕ್ಕಳು ನನಗೆ ಕರೆ ಮಾಡಿ ‘ನಾವೇನು ಮಾಡಬಹುದು’ ಎಂದು ಕೇಳುತ್ತಾರೆ, ಬಹಳ ಸಲ ಅಳುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ, ಅವರೂ ಅಲ್ಲಿ ಒಂಟಿ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ, ಆಗಿದ್ದಾಗ 2023ರಲ್ಲಿ ಒಂಟಿತನವನ್ನು ಆ ದೇಶದ ಸಾಂಕ್ರಾಮಿಕವೆಂದೇ ಕರೆದು ಎಚ್ಚರಿಸಿದರು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಇದರಿಂದ ನರಳುತ್ತಿದ್ದಾರೆ ಎಂದಿತು. ಮಕ್ಕಳಿಗೆ ನಾನು ಹೇಳುವುದು ಇಷ್ಟು: ವರ್ಷಕ್ಕೊಮ್ಮೆ ಬಂದು ಗಂಟೆಗಟ್ಟಲೆ ತಬ್ಬಿ ಅಳುವುದಕ್ಕಿಂತ, ನೀವಿಲ್ಲದಾಗ ವಾರಕ್ಕೆ ಮೂರು ನಾಲ್ಕು ಬಾರಿ ಯಾರಾದರೂ ಬಂದು ಸ್ವಲ್ಪ ಹೊತ್ತು ಕೈ ಹಿಡಿದು ಕೂರುವಂತೆ ಏರ್ಪಾಡು ಮಾಡಿ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ, ಸ್ಪರ್ಶ ಎಷ್ಟು ದೀರ್ಘ ಎಂಬುದಕ್ಕಿಂತ ಎಷ್ಟು ಸಲ ಎಂಬುದೇ ಮುಖ್ಯವೆಂದು ಕಂಡಿದೆ. ಇನ್ನು ನೀವು ಊರಿಗೆ ಬಂದ ದಿನ ಉಡುಗೊರೆಯ ಪೆಟ್ಟಿಗೆ ಆಮೇಲೆ ಬಿಚ್ಚಿ. ಎಣ್ಣೆಯ ಬಟ್ಟಲನ್ನು ಅಮ್ಮನ ಕೈಗೆ ಕೊಟ್ಟು ಅವರ ಮಂಡಿಗೆ ಬೆನ್ನು ತಾಗುವಂತೆ ನೆಲದ ಮೇಲೆ ಕೂತು, ‘ತಲೆಗೆ ಎಣ್ಣೆ ಹಚ್ಚಮ್ಮಾ’ ಎಂದು ಕೇಳಿ.